ವರ್ಷವರ್ಷ ಏರುವ ಚಂದಾ: ಪವರ್ ಬಿಐನಲ್ಲಿ ಯಾವ ದಾರಿ ಒಳ್ಳೆಯದು?

ಚಿಕ್ಕಮಗಳೂರಿನ ನಮ್ಮ ಆಫೀಸು ಕಾಫಿ ತೋಟಗಳಲ್ಲಿ ಮಳೆ ಅಳೆಯುವ ಯಂತ್ರ ಹಾಕಿ, ವರ್ಷದ ಚಂದಾದ ಮೇಲೆ ನೋಡಿಕೊಳ್ಳುತ್ತದೆ. ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆಯವರೇ ಜಾಸ್ತಿ. ಕರಾರಿನ ಪ್ರಕಾರ ಚಂದಾ ಪ್ರತಿ ವರ್ಷ ಶೇ. 5 ಏರುತ್ತದೆ. ಮೊದಲ ವರ್ಷ 12,000 ರೂಪಾಯಿ, ಆಮೇಲೆ 12,600, ಆಮೇಲೆ 13,230. ಬಡ್ಡಿ ಮೇಲೆ ಬಡ್ಡಿ ಬಂದಂತೆ.

ಎಕ್ಸೆಲ್‌ನಲ್ಲಿ ಮೇಲಿನ ಸೆಲ್ಲನ್ನು 1.05ರಿಂದ ಗುಣಿಸಿ ಕೆಳಗೆ ಎಳೆದರೆ ಮುಗಿಯಿತು. ವರದಿ ತಯಾರಿಸುವ ತಂತ್ರಾಂಶವಾದ ಪವರ್ ಬಿಐನ ಸೂತ್ರಭಾಷೆ ಡ್ಯಾಕ್ಸ್‌ನಲ್ಲಿ ಹಾಗಾಗಲ್ಲ. ಒಂದು ಕಾಲಂ ತನ್ನದೇ ಹಿಂದಿನ ಸಾಲಿನ ಉತ್ತರವನ್ನು ಬಳಸಲಾರದು. ಎಷ್ಟು ವರ್ಷ ತುಂಬಿತು ಎಂದು ಎಣಿಸಿ, 1.05ಕ್ಕೆ ಅಷ್ಟು ಘಾತ ಹಾಕಬೇಕು.

ಮೊದಲ ದಾರಿ ಕ್ಯಾಲ್ಕ್ಯುಲೇಟೆಡ್ ಕಾಲಂ, ಅಂದರೆ ಸೂತ್ರ ಬರೆದು ಟೇಬಲ್‌ಗೆ ಸೇರಿಸುವ ಕಾಲಂ. ಬರೆಯೋದು ಸುಲಭ. ಆದರೆ ಅದು ಲೆಕ್ಕ ಹಾಕೋದು ರಿಫ್ರೆಶ್ ಆದಾಗ, ಅಂದರೆ ಡೇಟಾ ಮತ್ತೆ ತುಂಬಿಸಿದಾಗ ಮಾತ್ರ. ಸ್ಲೈಸರ್ (ವರದಿಯ ಮೇಲಿನ ಆಯ್ಕೆ ಪಟ್ಟಿ) ಬದಲಿಸಿದರೂ ಅಂಕಿ ಕದಲುವುದಿಲ್ಲ. ನಮಗೆ ಅದು ಸಾಲಲಿಲ್ಲ.

ಎರಡನೇ ದಾರಿ ಮೆಷರ್, ಅಂದರೆ ವರದಿ ನೋಡುವಾಗಲೇ ಲೆಕ್ಕ ಹಾಕುವ ಸೂತ್ರ. ಅದು ಹಾಗಲ್ಲ. ಶೇಕಡಾವಾರಿಗೆ ಒಂದು ಪ್ಯಾರಾಮೀಟರ್ (ಬೇಕೆಂದಾಗ ಬದಲಿಸಬಹುದಾದ ಅಂಕಿ) ಇಟ್ಟರೆ, ಶೇ. 5ರ ಬದಲು 7 ಮಾಡಿದರೆ ಏನಾಗುತ್ತದೆ ಅಂತ ಮೀಟಿಂಗಿನಲ್ಲೇ ತೋರಿಸಬಹುದು. ಇದು ನನಗೆ ತುಂಬಾ ಇಷ್ಟವಾಯಿತು. ಆದರೆ ಟೋಟಲ್ ಸಾಲಿನ ಮೇಲೆ ಕಣ್ಣಿಡಿ. ಅಲ್ಲಿ ಒಬ್ಬ ಗ್ರಾಹಕ ಅಂತ ಇರುವುದಿಲ್ಲ. ಸಮ್‌ಎಕ್ಸ್ ಎಂಬ ಫಂಕ್ಷನ್ ಹಾಕಿ ಒಂದೊಂದೇ ಕರಾರಿನ ಲೆಕ್ಕ ಮಾಡಿ ಕೂಡಿಸದಿದ್ದರೆ ಮೊತ್ತ ತಪ್ಪುತ್ತದೆ.

ಇನ್ನೊಂದು ಮುಖ್ಯ ಮಾತು. ಡೇಟ್‌ಡಿಫ್‌ ಎಂಬ ಡ್ಯಾಕ್ಸ್ ಫಂಕ್ಷನ್‌ಗೆ ವರ್ಷ ಎಣಿಸಲು ಹೇಳಿದರೆ, ಅದು ತುಂಬಿದ ವರ್ಷವನ್ನು ಎಣಿಸುವುದಿಲ್ಲ. ಕ್ಯಾಲೆಂಡರ್ ಎಷ್ಟು ಸಲ ಬದಲಾಯಿತು ಅಂತ ಎಣಿಸುತ್ತದೆ. 2023ರ ಡಿಸೆಂಬರ್ 31ರಿಂದ 2024ರ ಜನವರಿ 1ಕ್ಕೆ ಅದರ ಉತ್ತರ 1! ಅದನ್ನೇ ನಂಬಿದರೆ, ಕೊಯ್ಲು ಶುರುವಾಗುವ ನವೆಂಬರ್‌ನಲ್ಲಿ ಕರಾರು ಮಾಡಿದ ಬೆಳೆಗಾರರಿಗೆ ಜನವರಿಗೇ ಏರಿದ ದರ ಕಾಣಿಸುತ್ತದೆ. ಇದು ಅನ್ಯಾಯ ಅಲ್ವಾ? ವಾರ್ಷಿಕ ದಿನಾಂಕ ದಾಟಿಲ್ಲದಿದ್ದರೆ ಒಂದು ಕಳೆಯುವ ಷರತ್ತು ಸೇರಿಸಲೇಬೇಕು.

ಬಿಲ್ಲಿಂಗ್‌ಗೆ ನಾನು ಆರಿಸಿದ್ದು ಮೂರನೇ ದಾರಿ: ಪವರ್ ಕ್ವೆರಿ, ಅಂದರೆ ಡೇಟಾ ವರದಿಗೆ ಬರುವ ಮೊದಲೇ ಅದನ್ನು ಸಿದ್ಧಪಡಿಸುವ ಪವರ್ ಬಿಐನ ಭಾಗ. ಐದು ವರ್ಷದ ಕರಾರಿಗೆ ತುಂಬಿದ ವರ್ಷಗಳ 0ಯಿಂದ 4ರವರೆಗಿನ ಪಟ್ಟಿ ಮಾಡಿ, ಅದನ್ನು ಐದು ಸಾಲಾಗಿ ಬಿಡಿಸುತ್ತೇನೆ. ಡೇಟ್.ಆಡ್‌ಇಯರ್ಸ್ ಎಂಬ ಫಂಕ್ಷನ್ ಆಯಾ ವರ್ಷದ ಪಾವತಿ ದಿನಾಂಕ ಕೊಡುತ್ತದೆ. ವರ್ಷ ಎಣಿಸುವ ತಲೆನೋವೇ ಇಲ್ಲ. ಟೋಟಲ್ ಅಂದರೆ ಸುಮ್ನೆ ಕೂಡಿಸೋದು ಅಷ್ಟೇ. ಪಾವತಿ ದಿನಾಂಕವನ್ನು ಕ್ಯಾಲೆಂಡರ್ ಟೇಬಲ್‌ಗೆ ಜೋಡಿಸಿದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ ಮೊತ್ತವೂ ಸಿಗುತ್ತದೆ. ಬೆಳೆಗಾರರು ಫೋನ್ ಮಾಡಿ "ಮೂರನೇ ವರ್ಷಕ್ಕೆ ಎಷ್ಟು ಬರುತ್ತೆ?" ಅಂದರೆ ಆ ಸಾಲನ್ನೇ ಓದಿ ಹೇಳಬಹುದು. ದರ ಬದಲಿಸಿದರೆ ಮತ್ತೆ ರಿಫ್ರೆಶ್ ಮಾಡಬೇಕು, ಅಷ್ಟೇ ಕೊರತೆ.

ಏರಿಕೆ ವರ್ಷಕ್ಕೊಂದು ಥರ ಇರುವ ಕರಾರುಗಳಿಗೆ ಮಾತ್ರ ಘಾತದ ಸೂತ್ರ ಕೆಲಸಕ್ಕೆ ಬಾರದು. ದರಗಳ ಒಂದು ಪುಟ್ಟ ಟೇಬಲ್ ಇಟ್ಟು, ಪ್ರಾಡಕ್ಟ್‌ಎಕ್ಸ್‌ ಎಂಬ ಡ್ಯಾಕ್ಸ್ ಫಂಕ್ಷನ್‌ನಿಂದ ಆವರೆಗಿನ ಏರಿಕೆಗಳನ್ನೆಲ್ಲ ಗುಣಿಸಿ.