ತುಮಕೂರಿನ ಕ್ಯಾಸೆಟ್ ಅಂಗಡಿ: ಸೌಂಡ್‌ಗೆ ಫುಲ್ ಮಾರ್ಕ್ಸ್, ಫೋಲ್ಡರ್‌ಗೆ ಜಗಳ

ಹಳೇ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವವರು ತುಮಕೂರಿನಲ್ಲಿ ಇನ್ನೂ ಇದ್ದಾರಾ ಅಂತ ಕೇಳುವವರಿಗೆ: ಇದ್ದಾರೆ. ಎಂ.ಜಿ. ರಸ್ತೆಯಿಂದ ಒಳಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೇಲೆ. ಬೋರ್ಡಿನಲ್ಲಿ ಮೊಬೈಲ್ ರಿಪೇರಿ ಅಂತ ಇದೆ, ಕ್ಯಾಸೆಟ್ಟಿನ ಸುದ್ದಿಯೇ ಇಲ್ಲ. ಅಂಗಡಿ ಹೆಸರು ಬರೆಯಬೇಡಿ ಅಂದಿದ್ದಾರೆ. "ಜನ ಜಾಸ್ತಿ ಬಂದ್ರೆ ನಾನೊಬ್ನೇ ಏನ್ ಮಾಡ್ಲಿ ಅಕ್ಕ?" ಆ ಕಡೆ ಹೋಗಿ ಯಾರನ್ನಾದರೂ "ಕ್ಯಾಸೆಟ್ ಅಣ್ಣ ಎಲ್ಲಿ?" ಅಂತ ಕೇಳಿ, ತೋರಿಸುತ್ತಾರೆ.

ನಾನು ಕೊಟ್ಟಿದ್ದು ಒಂದು ಡಬ್ಬದ ತುಂಬ ಕ್ಯಾಸೆಟ್. ಹೆಚ್ಚಿನವು ತೊಂಬತ್ತರ ದಶಕದಲ್ಲಿ ಇಲ್ಲೇ ಇಂಜಿನಿಯರಿಂಗ್ ಓದುವಾಗ ಕೊಂಡವು. ಹಾಸ್ಟೆಲಿನಲ್ಲಿ ಎಲ್ಲೆಲ್ಲಿಂದಲೋ ಬಂದ ಹುಡುಗಿಯರಿದ್ದರು, ಅವರಿಂದ ನನಗೆ ಪಂಕ್, ಅಂದರೆ ವೇಗದ ಒರಟು ರಾಕ್ ಸಂಗೀತದ ಹುಚ್ಚು ಹತ್ತಿತು. ರಾಮೋನ್ಸ್, ಬ್ಲಾಂಡಿ, ಗ್ರೀನ್ ಡೇ, ಎಲ್ಲ ಅಮೆರಿಕದ ಬ್ಯಾಂಡ್‌ಗಳು. ಅವುಗಳ ಕೆಳಗೆ ಅಮ್ಮನ ಪಾಲು: ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್.

ಮೊದಲು ಕೆಲಸದ ಗುಣ ಹೇಳಿಬಿಡುತ್ತೇನೆ. ಚೆನ್ನಾಗಿದೆ. ಅಣ್ಣ ಕ್ಯಾಸೆಟ್ ಹಾಕಿ ಸುಮ್ನೆ ಬಟನ್ ಒತ್ತುವವರಲ್ಲ. ಡೆಕ್ಕಿನ ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಪ್ರತಿ ಕ್ಯಾಸೆಟ್‌ಗೂ ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಹೆಡ್‌ಫೋನಿನಲ್ಲಿ ಕೇಳಿ, ಹೆಡ್ ಟೇಪಿಗೆ ನೇರವಾಗಿ ಕೂರುವಂತೆ ಮಾಡುತ್ತಾರೆ. ಮಂಕಾಗಿದ್ದ ಸಿಂಬಲ್ ಸದ್ದು ಅಲ್ಲೇ ಬಿಡಿಸಿಕೊಂಡಿತು. ರಾಮೋನ್ಸ್ ಕ್ಯಾಸೆಟ್ಟಿನ ಒಳಗೆ ಟೇಪನ್ನು ಹೆಡ್‌ಗೆ ಒತ್ತುವ ಚಿಕ್ಕ ಸ್ಪಂಜು ಉದುರಿಹೋಗಿತ್ತು. ಬೇರೆ ಕ್ಯಾಸೆಟ್ಟಿನಿಂದ ಕಿತ್ತು ಅಂಟಿಸಿದರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. 60 ನಿಮಿಷದ ಕ್ಯಾಸೆಟ್‌ಗೆ 100 ರೂಪಾಯಿ, 90 ನಿಮಿಷದ್ದಕ್ಕೆ 150. ದುಬಾರಿ ಅನಿಸಬಹುದು. ಆದರೆ 60 ನಿಮಿಷದ ಕ್ಯಾಸೆಟ್ ಓಡಲು 60 ನಿಮಿಷವೇ ಬೇಕು, ಅಲ್ವಾ? ಅದರಲ್ಲಿ ಅಡ್ಡದಾರಿ ಇಲ್ಲ.

ತೊಂದರೆ ಶುರುವಾಗುವುದು ಕಂಪ್ಯೂಟರ್ ಮುಂದೆ. ಅಲ್ಲಿ ಕೂರುವುದು ಅಣ್ಣನ ಅಸಿಸ್ಟೆಂಟ್ ಹುಡುಗ. ಅವನ ಸಾಫ್ಟ್‌ವೇರ್ ಸದ್ದು ನಿಂತ ಕಡೆ ಹಾಡನ್ನು ಕತ್ತರಿಸುತ್ತದೆ. ಭಾವಗೀತೆಗೆ ಸರಿ, ಗ್ರೀನ್ ಡೇಗೆ ಆಗುವುದಿಲ್ಲ. 1994ರ ಡೂಕಿ ಆಲ್ಬಮ್ಮಿನಲ್ಲಿ 'ಚಂಪ್' ಮುಗಿಯುವುದೇ ಇಲ್ಲ, ನೇರ 'ಲಾಂಗ್‌ವ್ಯೂ'ಗೆ ಹರಿಯುತ್ತದೆ. ಫೋಲ್ಡರಿನಲ್ಲಿ ಎರಡೂ ಸೇರಿ ಒಂದೇ ಹಾಡಾಗಿದ್ದವು. ಕೊನೆಯಲ್ಲಿ, ಎಲ್ಲ ಮುಗಿದು ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ, ಲಿಸ್ಟಿನಲ್ಲಿ ಇಲ್ಲದ ಒಂದು ತಮಾಷೆ ಹಾಡು ಬರುತ್ತದೆ. ಅದು ಬೇರೆ ಹಾಡಾಗಿ ಎದ್ದು ಕೂತಿತ್ತು. ಕವರ್ ಮೇಲೂ 14, ಫೋಲ್ಡರಿನಲ್ಲೂ 14. ಹುಡುಗ ಎಣಿಸಿ ನೋಡಿ ಖುಷಿಯಾಗಿದ್ದ. ಹೇಳಿದ ಮೇಲೆ ಬೇಜಾರಿಲ್ಲದೆ ಸರಿ ಮಾಡಿಕೊಟ್ಟ.

ಇನ್ನು ಜಗಳ. ಅಣ್ಣ ಎಲ್ಲವನ್ನೂ ಬಗೆಬಗೆಯಾಗಿ ಫೋಲ್ಡರ್ ಮಾಡಿಕೊಡುತ್ತಾರೆ, ಅದೇ ಈ ಅಂಗಡಿಯ ಹೆಚ್ಚುಗಾರಿಕೆ. ಕನ್ನಡದ್ದು ನೋಡಬೇಕು: ಭಾವಗೀತೆ, ತತ್ವಪದ, ಜನಪದ, ಭಕ್ತಿಗೀತೆ, ಹರಿಕಥೆ. ಅಶ್ವತ್ಥ್ ಹಾಡಿದ ಶಿಶುನಾಳ ಷರೀಫರ ಪದಗಳನ್ನು ಕ್ಯಾಸೆಟ್ ಅಂಗಡಿಗಳು ಭಾವಗೀತೆ ಸಾಲಿನಲ್ಲೇ ಇಡುತ್ತಿದ್ದವು. ಇವರು ಅವನ್ನು ಹೆಕ್ಕಿ ತತ್ವಪದಕ್ಕೆ ಹಾಕಿದ್ದಾರೆ. ನಾಟಕದ ಹಾಡುಗಳಲ್ಲೂ ಪೌರಾಣಿಕ ಬೇರೆ, ಕಂಪನಿ ನಾಟಕ ಬೇರೆ. ಗುಬ್ಬಿ ವೀರಣ್ಣನವರ ಜಿಲ್ಲೆ ಸ್ವಾಮಿ ಇದು, ಇಷ್ಟಾದರೂ ಬೇಡವೇ! ಊರ ಹಬ್ಬಕ್ಕೆ ಕುರುಕ್ಷೇತ್ರ ಆಡುವವರು ಪ್ರಾಕ್ಟೀಸಿಗೆ ಹಳೇ ಹಾಡು ಹಾಕಿಸಿಕೊಳ್ಳಲು ಇಲ್ಲಿಗೇ ಬರುತ್ತಾರೆ. ನಾನು ಹೋದಾಗ ಒಬ್ಬ ದುರ್ಯೋಧನ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು.

ಇಷ್ಟೆಲ್ಲ ಸೂಕ್ಷ್ಮ ಇರುವ ಮನುಷ್ಯ ನನ್ನ ಪಂಕ್ ಕ್ಯಾಸೆಟ್‌ಗಳನ್ನೆಲ್ಲ ಎಲ್ಲಿಗೆ ಹಾಕಿದ್ದರು ಗೊತ್ತಾ? 'ಇಂಗ್ಲಿಷ್'. ಒಂದೇ ಫೋಲ್ಡರ್. ನಾನು ಮುಖ ಗಂಟು ಹಾಕಿಕೊಂಡೆ. "ಸರಿ, ನೀವೇ ಹೇಳಿ ಅಕ್ಕ, ಬಗೆ ಮಾಡಾಣ" ಅಂದರು.

ಹುಡುಗ ಗ್ರೀನ್ ಡೇಗೆ ಆಗಲೇ ಒಂದು ಬಗೆ ಹುಡುಕಿಟ್ಟಿದ್ದ. ಪಾಪ್/ಫಂಕ್! ತಪ್ಪು ಅವನದಲ್ಲ. ಎಂಪಿ3 ಫೈಲಿಗೆ ಬಗೆ ತುಂಬುವ ಹಳೇ ಪಟ್ಟಿಯಲ್ಲಿ 80 ಹೆಸರುಗಳಿವೆ. ಪಾಪ್ ಇದೆ, ಪಂಕ್ ಇದೆ, ಪಾಪ್/ಫಂಕ್ ಕೂಡ ಇದೆ. ಪಾಪ್ ಪಂಕ್ ಮಾತ್ರ ಇಲ್ಲ. ಫಂಕ್ ಅಂದರೆ ಜೇಮ್ಸ್ ಬ್ರೌನ್ ದಾರಿ, ಬೇಸ್ ಗಿಟಾರ್ ಕುಣಿಸುವ ಸಂಗೀತ. ಇಲ್ಲಿ ಕೈಯಿಂದ ಟೈಪ್ ಮಾಡಿಸಿದೆ: ಪಾಪ್ ಪಂಕ್. ಗ್ರೀನ್ ಡೇಯ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಗಿಟಾರ್ ಬಾರಿಸುವುದು ಪಂಕ್ ವೇಗದಲ್ಲಿ, ಆದರೆ ರಾಗ ಒಮ್ಮೆ ಕೇಳಿದರೆ ಬಾಯಿಗೆ ಬರುತ್ತದೆ. ಎರಡೂ ನಿಜ.

ಗ್ರೀನ್ ಡೇ ಪಂಕ್ ಅನ್ನುವುದನ್ನೇ ಒಪ್ಪದವರೂ ಇದ್ದರು. ಅಮೆರಿಕದ ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ಅನ್ನುವ ಪಂಕ್ ಕ್ಲಬ್ಬಿನಲ್ಲೇ ಈ ಹುಡುಗರು ಬೆಳೆದಿದ್ದು. ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿದವರಿಗೆ ಆಗ ಅಲ್ಲಿ ಸ್ಟೇಜ್ ಇರಲಿಲ್ಲ. ಹಾಕಿದರು, ಹೊರಗಾದರು. 'ವೆಲ್‌ಕಮ್ ಟು ಪ್ಯಾರಡೈಸ್' ಹಾಡು ಮೊದಲು ಬಂದಿದ್ದು ಪುಟ್ಟ ಕಂಪನಿಯಿಂದ, ಕರ್‌ಪ್ಲಂಕ್ ಆಲ್ಬಮ್ಮಿನಲ್ಲಿ. ಆಮೇಲೆ ಅದನ್ನೇ ಮತ್ತೆ ರೆಕಾರ್ಡ್ ಮಾಡಿ ಡೂಕಿಗೆ ಹಾಕಿದರು. ಮೊದಲನೆಯದು ಪಂಕ್, ಎರಡನೆಯದು ಅಲ್ಲ ಅನ್ನುವುದಾದರೆ ಅದು ಅಗ್ರಿಮೆಂಟ್ ನೋಡಿ ಹೇಳುವ ಮಾತು, ಹಾಡು ಕೇಳಿ ಅಲ್ಲ. ಗ್ರ್ಯಾಮಿಯವರು ಡೂಕಿಗೆ ಬಹುಮಾನ ಕೊಟ್ಟಿದ್ದು ಆಲ್ಟರ್ನೇಟಿವ್ ಲೆಕ್ಕದಲ್ಲಿ. ಅದಕ್ಕೊಂದು ಫೋಲ್ಡರ್ ಮಾಡಿಸುವಷ್ಟು ತಾಳ್ಮೆ ನನಗಿಲ್ಲ.

ರಾಮೋನ್ಸ್ ಸುಲಭ. 1976ರ ಮೊದಲ ಆಲ್ಬಂ, 14 ಹಾಡು, ಅರ್ಧ ಗಂಟೆಯೊಳಗೆ ಮುಗಿಯಿತು. ಪಂಕ್.

ಸಿಕ್ಕಿಕೊಂಡಿದ್ದು ಬ್ಲಾಂಡಿ. ರಾಮೋನ್ಸ್ ಹಾಡುತ್ತಿದ್ದ ಅದೇ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಿಂದ ಬಂದವರು. ಕ್ಲಬ್ಬಿನ ಹೆಸರು ಬಿಡಿಸಿದರೆ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್. ಒಳಗೆ ನಡೆದಿದ್ದು ಪಂಕ್. ಅಣ್ಣ ಇದನ್ನು ಕೇಳಿ ತಮ್ಮ ಬೋರ್ಡ್ ಕಡೆ ನೋಡಿ ನಕ್ಕರು. 1978ರ ಪ್ಯಾರಲಲ್ ಲೈನ್ಸ್ ಒಂದೇ ಕ್ಯಾಸೆಟ್ಟಿನಲ್ಲಿ 'ಹ್ಯಾಂಗಿಂಗ್ ಆನ್ ದಿ ಟೆಲಿಫೋನ್' ಇದೆ, ಗಿಟಾರಿನ ಓಟ. 'ಹಾರ್ಟ್ ಆಫ್ ಗ್ಲಾಸ್' ಕೂಡ ಇದೆ, ಅಪ್ಪಟ ಡಿಸ್ಕೋ. ಮುಂದೆ 'ದಿ ಟೈಡ್ ಈಸ್ ಹೈ' ಅಂತ ಜಮೈಕಾದ ಹಾಡು ಹಾಡಿದರು. ಆಮೇಲೆ 'ರ‍್ಯಾಪ್ಚರ್'ನಲ್ಲಿ ಬ್ಲಾಂಡಿಯ ಗಾಯಕಿ ಡೆಬ್ಬಿ ಹ್ಯಾರಿ ರ‍್ಯಾಪ್ ಮಾಡಿದಳು, ಅದು 1981ರಲ್ಲಿ ಅಮೆರಿಕದಲ್ಲಿ ನಂಬರ್ ಒನ್. ಯಾವ ಫೋಲ್ಡರಪ್ಪಾ ಇದಕ್ಕೆ?

ಅಣ್ಣನಿಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ. ಅವರ ಲೆಕ್ಕ ಬೇರೆ. "ಯಾರ್ ಹಾಡಿದ್ರು ಅಂತ ನಾನ್ ನೋಡಲ್ಲ. ಎಲ್ಲಿ ಹಾಡ್ತಾರೆ, ಅದು ಹೇಳಿ." ಭಜನೆಮನೆಯದು ಭಕ್ತಿ, ರಂಗದ ಮೇಲಿನದು ನಾಟಕ. ಹಾರ್ಟ್ ಆಫ್ ಗ್ಲಾಸ್ ಅರ್ಧ ಕೇಳಿ, "ಇದು ಆರ್ಕೆಸ್ಟ್ರಾದೋರು ಮದ್ವೆ ರಿಸೆಪ್ಷನ್‌ಗೆ ಹೊಡಿಯೋದು" ಅಂದರು. ಡಿಸ್ಕೋ ಅಂತ ಯಾರೂ ಹೇಳಿಕೊಡದೆಯೇ! ಆದರೆ ಇದೇ ಲೆಕ್ಕ ಗ್ರೀನ್ ಡೇಗೆ ಹಾಕಿದರೆ ಮತ್ತೆ ಗಿಲ್ಮನ್ ಸ್ಟ್ರೀಟ್ ನ್ಯಾಯವೇ ಆಗುತ್ತದೆ. ಅದಕ್ಕೇ ನನ್ನ ಪಟ್ಟು ಇದು: ಬಗೆಯನ್ನು ಹಾಡಿಗೆ ಅಂಟಿಸಿ, ಹಾಡುವವರ ಹಣೆಗೆ ಬೇಡ. ಹಾಡಿನ ಫೈಲುಗಳಿಗೆ ಡಿಸ್ಕೋ, ಜಮೈಕಾದ ರೆಗೆ ಅಂತ ಒಂದೊಂದಾಗಿ ತುಂಬಿಸಿದೆ. ಫೋಲ್ಡರ್ ಮಾತ್ರ ನ್ಯೂ ವೇವ್. ಆ ಹೆಸರು ಓಡಿದ್ದೇ ವ್ಯಾಪಾರಕ್ಕೆ. ಪಂಕ್ ಅಂದರೆ ರೇಡಿಯೋದವರು ಹೆದರುತ್ತಾರೆ ಅಂತ ಸೈರ್ ರೆಕಾರ್ಡ್ ಕಂಪನಿಯ ಸೀಮೋರ್ ಸ್ಟೈನ್ ಅದನ್ನು ಎತ್ತಿ ಹಿಡಿದರು. ಯಾವುದರಲ್ಲೂ ಸರಿಯಾಗಿ ಕೂರದವರಿಗೆ ಒಳ್ಳೇ ಜಾಗ.

ಕೆನಡಾದ ಗಾಯಕಿ ಏವ್ರಿಲ್ ಲವೀನ್ ಕ್ಯಾಸೆಟ್ಟೂ ಒಂದಿತ್ತು, 2002ರ ಲೆಟ್ ಗೋ. ಪಂಕ್ ಫೋಲ್ಡರಿಗೇ ಹಾಕಿಸು ಅಂತ ಮಗ ಫೋನಿನಲ್ಲಿ ಹಟ ಹಿಡಿದ. "ಅಮ್ಮ, ಟೈ ನೋಡು!" ಟೈ ಕತ್ತಿನಲ್ಲಿದೆ ಕಣೋ, ಹಾಡಿನಲ್ಲಿ ಇಲ್ಲ. 'ಕಾಂಪ್ಲಿಕೇಟೆಡ್' ಒಳ್ಳೇ ಪಾಪ್, ಪಾಪ್ ಅಂದರೆ ಅವಮಾನ ಏನಲ್ಲ. 2022ರಲ್ಲಿ ಪಾಪ್ ಪಂಕ್ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಜೊತೆ ಸೇರಿ ಮಾಡಿದ ಲವ್ ಸಕ್ಸ್ ಕ್ಯಾಸೆಟ್ ತಂದುಕೊಡಲಿ, ಆವತ್ತು ಪಾಪ್ ಪಂಕ್ ಅಂತ ನಾನೇ ಬರೆಸುತ್ತೇನೆ.

ಹೋಗುವವರಿಗೆ ಒಂದೆರಡು ಮಾತು. ಎಂಪಿ3ಯನ್ನು 320 ಕೆಬಿಪಿಎಸ್‌ನಲ್ಲಿ, ಅಂದರೆ ಒಳ್ಳೇ ಗುಣಮಟ್ಟದಲ್ಲಿ ಹಾಕಿ ಅಂತ ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಹುಡುಗ ಕಡಿಮೆ ಗುಣಮಟ್ಟದ 128ರಲ್ಲೇ ಮುಗಿಸುತ್ತಾನೆ. ಪೆನ್‌ಡ್ರೈವ್ ನಿಮ್ಮದೇ ಒಯ್ಯಿರಿ, ಅಲ್ಲಿಯದು ರೇಟ್ ಜಾಸ್ತಿ. ಹಾಡುಗಳ ಹೆಸರು, ಬಗೆ ಎರಡನ್ನೂ ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮೆಟ್ಟಿಲು ಕಡಿದಾಗಿದೆ, ವಯಸ್ಸಾದವರನ್ನು ಕರೆದೊಯ್ಯಬೇಡಿ. ಊರ ಹಬ್ಬದ ಸೀಸನ್ನಿನಲ್ಲಿ ಹೋದರೆ ದುರ್ಯೋಧನ, ಕರ್ಣ, ಶಕುನಿ ಎಲ್ಲರ ಕೆಲಸ ಆದ ಮೇಲೇ ನಿಮ್ಮ ಸರದಿ. ಐದರಲ್ಲಿ ನಾಲ್ಕು ಸ್ಟಾರ್. ಕಳೆದಿದ್ದು ಪಾಪ್/ಫಂಕ್‌ಗೆ.