ಕ್ರೂಗರ್‌ನಲ್ಲಿ ಒಂದು ದಿನದ ಸಫಾರಿ: ಸಿಂಹಿಣಿಗಳು ಹಿಮ್ಮೆಟ್ಟಿದ ಬೆಳಗು

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಕಳೆದ ಆಗಸ್ಟ್‌ನಲ್ಲಿ ನಾವು ನಾಲ್ವರು ಕೈಗೊಂಡ ಒಂದು ದಿನದ ತೆರೆದ ಜೀಪಿನ ಸಫಾರಿಯ ವಿಮರ್ಶೆಯಿದು. ಫಬೇನಿ ಗೇಟಿಗೆ ಸಮೀಪದ ಹೇಜಿವ್ಯೂ ಪಟ್ಟಣದ ಖಾಸಗಿ ಸಂಸ್ಥೆಯೊಂದರಲ್ಲಿ ಜೀಪು ಕಾಯ್ದಿರಿಸಿದ್ದೆವು. ಆ ಸಂಸ್ಥೆಯ ಜಾಹೀರಾತಿನಲ್ಲಿ ಸಿಂಹಗಳು ಬೇಟೆಯಾಡುವ ಚಿತ್ರಗಳೇ ತುಂಬಿದ್ದವು. ನಮಗೆ ನೋಡಸಿಕ್ಕಿದ್ದು ಅದರ ತಿರುವುಮುರುವು, ಮತ್ತು ಆ ಭಾಗ್ಯಕ್ಕೆ ಸಂಸ್ಥೆಗಿಂತ ಹೆಚ್ಚಾಗಿ ಅದರ ಮಾರ್ಗದರ್ಶಕರ ತಾಳ್ಮೆಯೇ ಕಾರಣ.

ಆಗಸ್ಟ್ ಅಲ್ಲಿ ಒಣಗಾಲ. ಹುಲ್ಲು ಕುಳ್ಳಗಾಗಿ, ನೀರು ಉಳಿದ ಕೆಲವೇ ಹೊಂಡಗಳಿಗೆ ಹಿಂಡುಗಳು ಬಂದೇ ತೀರಬೇಕಾದ ಕಾಲವದು. ಒಂಬತ್ತರ ಸುಮಾರಿಗೆ ಹೊಂಡವೊಂದರ ಆಚೆ ದಡದಲ್ಲಿ ಎರಡು ಸಿಂಹಿಣಿಗಳು ಮಲಗಿದ್ದವು. ಹತ್ತಿರದಲ್ಲೆಲ್ಲೋ ಚಿರತೆ ಕಂಡಿದೆಯೆಂಬ ಸುದ್ದಿ ಬಂದು ಉಳಿದ ವಾಹನಗಳೆಲ್ಲ ಅತ್ತ ಧಾವಿಸಿದಾಗ, ನಮ್ಮ ಮಾರ್ಗದರ್ಶಕರು ಎಂಜಿನ್ ಆರಿಸಿ, ದೂರದಲ್ಲಿ ಏಳುತ್ತಿದ್ದ ಧೂಳನ್ನು ತೋರಿಸಿ, ಇಲ್ಲಿಯೇ ಇರೋಣ ಎಂದರು. ಮುಕ್ಕಾಲು ಗಂಟೆಯ ನಂತರ ಕಾಡೆಮ್ಮೆಗಳ ದೊಡ್ಡ ಹಿಂಡೊಂದು ನೀರಿಗಿಳಿಯಿತು. (ನಾವು ಕಾಟಿಯನ್ನೂ ಕಾಡೆಮ್ಮೆ ಎನ್ನುವುದುಂಟು; ಕಾಟಿ ದನಗಳ ಕುಲದ್ದು, ಆಫ್ರಿಕಾದ ಈ ಪ್ರಾಣಿಯ ಕುಲವೇ ಬೇರೆ.) ಮುಂದಿದ್ದ ಹೆಣ್ಣೊಂದು ಮೂಗೆತ್ತಿ ಗಾಳಿ ಹಿಡಿದು, ನೀರು ಕುಡಿಯುವುದನ್ನು ಬಿಟ್ಟು ಸಿಂಹಿಣಿಗಳ ಕಡೆಗೇ ನಡೆಯತೊಡಗಿತು. ಅದರ ಹಿಂದೆ ಇನ್ನೂ ಹತ್ತಾರು ಸಾಲುಗಟ್ಟಿದವು. ಓಟವಿಲ್ಲ, ಆರ್ಭಟವಿಲ್ಲ, ತಲೆ ತಗ್ಗಿಸದ ನಿಧಾನ ನಡಿಗೆ ಮಾತ್ರ. ಸಿಂಹಿಣಿಗಳು ಮೊದಲು ಕಿವಿ ಹಿಂದಕ್ಕೆ ಮಡಚಿದವು, ಬಳಿಕ ಎದ್ದವು, ಕೊನೆಗೆ ಮರ್ಯಾದೆ ಬಿಟ್ಟು ಪೊದೆಗಳತ್ತ ಓಡಿದವು.

ಎಮ್ಮೆಗೆ ಇಷ್ಟು ಧೈರ್ಯವೇ ಎಂದು ಬೆರಗಾದ ನಮಗೆ ಮಾರ್ಗದರ್ಶಕರು ವಿವರಿಸಿದ್ದು ಇಡೀ ದಿನದ ಸಾರವಾಗಿತ್ತು. ಹಿಂಡು ಬಿಟ್ಟು ಅಲೆಯುವ ಮುದಿ ಗಂಡೆಮ್ಮೆಗಳು ಸಿಂಹಗಳಿಗೆ ಸುಲಭದ ತುತ್ತು. ಆದರೆ ಹಿಂಡಿನೊಳಗೆ ಕರುವೊಂದು ಕೂಗಿದರೆ ಓಡಿದ್ದವೂ ತಿರುಗಿ ಬರುತ್ತವೆ, ಸಿಂಹದ ಮರಿಗಳು ಕೈಗೆ ಸಿಕ್ಕರೆ ತುಳಿದು ಕೊಲ್ಲುವುದೂ ಉಂಟು. ಇದೇ ಉದ್ಯಾನದ ಟ್ರಾನ್ಸ್‌ಪೋರ್ಟ್ ಡ್ಯಾಮ್ ಎಂಬ ಹೊಂಡದ ಬಳಿ 2004ರಲ್ಲಿ ಪ್ರವಾಸಿಗರೊಬ್ಬರು ಚಿತ್ರೀಕರಿಸಿ, 2007ರಲ್ಲಿ ಯೂಟ್ಯೂಬ್‌ನಲ್ಲಿ ಪ್ರಕಟವಾಗಿ ಕೋಟ್ಯಂತರ ಜನ ನೋಡಿದ ದೃಶ್ಯ ಅದಕ್ಕೆ ಸಾಕ್ಷಿ: ಸಿಂಹಗಳು ಕರುವನ್ನು ಕೆಡವಿ ನೀರಿಗೆ ಬಿದ್ದವು, ಮೊಸಳೆಯೂ ಅದಕ್ಕೆ ಬಾಯಿ ಹಾಕಿತು, ಸಿಂಹಗಳು ಜಗ್ಗಿ ದಡಕ್ಕೆಳೆದುಕೊಂಡವು, ಅಷ್ಟರಲ್ಲಿ ಮರಳಿ ಬಂದ ಹಿಂಡು ಸಿಂಹವೊಂದನ್ನು ಕೊಂಬಿನಿಂದ ಗಾಳಿಗೆಸೆಯಿತು, ಕರು ಎದ್ದು ಹಿಂಡು ಸೇರಿತು.

ಇನ್ನು ಕೊರತೆಗಳು. ವಿದೇಶಿಯರು ಪ್ರತಿದಿನಕ್ಕೆ ಕೊಡಬೇಕಾದ ಸಂರಕ್ಷಣಾ ಶುಲ್ಕ ನಮ್ಮ ಮೊತ್ತದಲ್ಲಿ ಸೇರಿದೆಯೆಂದು ಹೇಳಿದ್ದರು, ಗೇಟಿನಲ್ಲಿ ಅದನ್ನು ಬೇರೆಯಾಗಿಯೇ ವಸೂಲಿ ಮಾಡಿದರು. ಬೆಳಗಿನ ಜಾವದ ಚಳಿಗೆ ನಾಲ್ವರಿಗೆ ಎರಡೇ ಕಂಬಳಿಗಳು. ಊಟದ ಬಗ್ಗೆ ಬರೆಯುವಂಥದ್ದೇನೂ ಇಲ್ಲ. ಸಾರ್ವಜನಿಕ ಉದ್ಯಾನದಲ್ಲಿ ರಸ್ತೆ ಬಿಟ್ಟು ಇಳಿಯುವಂತಿಲ್ಲವಾದ್ದರಿಂದ, ಸಿಂಹಿಣಿಗಳು ಪೊದೆ ಹೊಕ್ಕ ಮೇಲಿನ ಕಥೆ ನಮಗೆ ತಿಳಿಯಲಿಲ್ಲ. ಇದು ಸಂಸ್ಥೆಯ ತಪ್ಪಲ್ಲ. ಹಾಗೆ ಹಿಂಬಾಲಿಸಲೇಬೇಕೆನ್ನುವವರು ಹೆಚ್ಚು ಹಣ ತೆತ್ತು ಪಕ್ಕದ ಸಾಬಿ ಸ್ಯಾಂಡ್‌ನಂಥ ಖಾಸಗಿ ಅರಣ್ಯಗಳಿಗೆ ಹೋಗಬಹುದು.

ಜೀಪು ಕಾಯ್ದಿರಿಸುವವರು ಆಸನ, ಊಟಗಳಿಗಿಂತ ಮೊದಲು ನೀರಿನ ಹೊಂಡದ ಬಳಿ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದು ಕೇಳಿಕೊಳ್ಳಲಿ. ಮತ್ತೆ ಹೋದರೆ ನಾನು ಅದೇ ಮಾರ್ಗದರ್ಶಕರು ಬೇಕೆಂದು ಹಟ ಹಿಡಿಯುತ್ತೇನೆ. ಕಂಬಳಿಗಳನ್ನು ಮಾತ್ರ ಮನೆಯಿಂದಲೇ ಒಯ್ಯುತ್ತೇನೆ.