ಮಾತಿನ ಮಧ್ಯೆ ಬಾಯಿ ಹಾಕುವ ಪಾತ್ರಗಳು: ಸಿಲ್ಲಿಟ್ಯಾವರ್ನ್ ಗುಂಪು ಚಾಟ್ ಕನ್ನಡಕ್ಕೆ ಎಷ್ಟು ಒಗ್ಗುತ್ತದೆ?

ಸಕಲೇಶಪುರ ಅಥವಾ ಮೂಡಿಗೆರೆ ಕಡೆಯ ಕಾಫಿ ಕಣದಲ್ಲಿ ಚೆರಿ (ಒಣಗಿಸಿದ ಕಾಫಿ ಹಣ್ಣು) ವ್ಯಾಪಾರ ನಡೆಯುವಾಗ ಸುಮ್ಮನೆ ನಿಂತು ಕೇಳಿ. ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುವುದು ಅಪರೂಪ. ರೇಟು ಹೇಳುವಷ್ಟರಲ್ಲಿ ಇನ್ನೊಂದು ರೇಟು ಬಂದಿರುತ್ತದೆ, ತೋಟದ ಲೆಕ್ಕ ಬರೆಯುವ ರೈಟರ್ ನಡುನಡುವೆ ಹೂಂಗುಟ್ಟುತ್ತಿರುತ್ತಾರೆ, ‘ಅದಿರ್ಲಿ, ಮೊದ್ಲು ಚೀಲದ ಲೆಕ್ಕ ಹೇಳಿ’ ಅಂತ ಯಾರೋ ಮಾತನ್ನೇ ಬೇರೆ ಕಡೆ ಎಳೆಯುತ್ತಾರೆ. ಇದೇ ದೃಶ್ಯವನ್ನು ಎಐ ಪಾತ್ರಗಳ ಕೈಗೆ ಕೊಟ್ಟರೆ ಸರದಿ ಪ್ರಕಾರ ಎದ್ದು ನಿಂತು ಭಾಷಣ ಮಾಡುತ್ತವೆ. ನಾಟಕ, ರೇಡಿಯೊ ರೂಪಕ, ಆಟಗಳಿಗೆ ಸಂಭಾಷಣೆ ಬರೆಯುವವರಿಗೆ ಇದು ದೊಡ್ಡ ತಲೆನೋವು. ಅದಕ್ಕೆ ಈಗ ಸಿಗುವ ಸಾಧನಗಳಲ್ಲಿ ಹೆಚ್ಚು ಹಿಡಿತ ಕೊಡುವಂಥದ್ದು ಸಿಲ್ಲಿಟ್ಯಾವರ್ನ್. ಆದರೆ ಅದರ ಮೂಲ ಸೆಟ್ಟಿಂಗ್‌ಗಳನ್ನು ಹಾಗೇ ಬಿಟ್ಟರೆ ಕನ್ನಡದಲ್ಲಿ ಕೆಲಸ ಆಗುವುದಿಲ್ಲ.

ಸಿಲ್ಲಿಟ್ಯಾವರ್ನ್ ಎಂಬುದು ಎಐ ಪಾತ್ರಗಳನ್ನು ರೂಪಿಸಿ ಅವುಗಳ ಜೊತೆ ಮಾತಾಡುವ ತಂತ್ರಾಂಶ. ಉಚಿತ, ಓಪನ್ ಸೋರ್ಸ್. 2023ರ ಫೆಬ್ರುವರಿಯಲ್ಲಿ ಟ್ಯಾವರ್ನ್‌ಎಐ ಎಂಬ ಇನ್ನೊಂದು ತಂತ್ರಾಂಶದಿಂದ ಕವಲೊಡೆದದ್ದು. ಅದಕ್ಕೆ ಬೇಕಾದ ನೋಡ್ ಜೆಎಸ್ ಎಂಬ ತಂತ್ರಾಂಶ ಹಾಕಿಕೊಂಡು ಶುರು ಮಾಡಿದರೆ ನಿಮ್ಮದೇ ಕಂಪ್ಯೂಟರಿನ 8000ನೇ ಪೋರ್ಟ್‌ನಲ್ಲಿ ಬ್ರೌಸರ್ ಪುಟವಾಗಿ ತೆರೆದುಕೊಳ್ಳುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಮೂಲಕವೂ ಓಡುತ್ತದೆ. ಇದರೊಳಗೆ ಭಾಷಾ ಮಾದರಿ (ಮಾತನ್ನು ನಿಜವಾಗಿ ಬರೆಯುವ ಎಐ) ಇರುವುದಿಲ್ಲ, ಅದನ್ನು ಬೇರೆಯಾಗಿ ಜೋಡಿಸಬೇಕು. ಮಳೆಗಾಲದಲ್ಲಿ ನೆಟ್ ನೆಚ್ಚಿಕೊಳ್ಳಲಾಗದ ಊರಿನವರು ಗೂಗಲ್‌ನ ಗೆಮ್ಮಾ 3ರ 12 ಬಿಲಿಯನ್ ಗಾತ್ರದ ಮಾದರಿಯನ್ನು 4 ಬಿಟ್‌ಗೆ ಇಳಿಸಿ, ಅಂದರೆ ಕಡಿಮೆ ಜಾಗ ಹಿಡಿಯುವಂತೆ ಕುಗ್ಗಿಸಿ, ಮನೆಯಲ್ಲೇ ಓಡಿಸಬಹುದು. ಮಾದರಿಯೊಂದೇ ಸುಮಾರು 6.6 ಜಿಬಿ ನುಂಗುತ್ತದೆ. ಅದರ ಮೇಲೆ ಮಾತುಕತೆಯ ನೆನಪಿಗೂ ಜಾಗ ಬೇಕಾದ್ದರಿಂದ 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಬಿಗಿಯಾಗುತ್ತದೆ, 12 ಜಿಬಿ ಇದ್ದರೆ ನಿರಾಳ.

ಈಗ ಗುಂಪು ಚಾಟ್, ಅಂದರೆ ಹಲವು ಪಾತ್ರಗಳು ಒಂದೇ ಮಾತುಕತೆಯಲ್ಲಿ ಸೇರುವುದು. ಯಾರು ಯಾವಾಗ ಮಾತಾಡಬೇಕು ಎನ್ನುವುದಕ್ಕೆ ‘ನ್ಯಾಚುರಲ್ ಆರ್ಡರ್’ ಎಂಬ ಆಯ್ಕೆ ಇದೆ. ಹೆಸರು ಕೇಳಿದರೆ ನಮಗೆ ಬೇಕಾದ್ದು ಇದೇ ಅನಿಸುತ್ತದೆ. ಅದು ಮೊದಲು ಕೊನೆಯ ಮಾತಿನಲ್ಲಿ ಯಾರ ಹೆಸರಿದೆ ಎಂದು ನೋಡುತ್ತದೆ. ಆಮೇಲೆ ಉಳಿದ ಪಾತ್ರಗಳಿಗೆ ಅವರವರ ‘ಟಾಕೆಟಿವ್‌ನೆಸ್’ (ಮಾತುಗಾರಿಕೆ) ಪ್ರಮಾಣದಂತೆ ಚೀಟಿ ಎತ್ತುತ್ತದೆ. ಯಾರೂ ಬೀಳದಿದ್ದರೆ ಯಾರನ್ನೋ ಒಬ್ಬರನ್ನು ಎಳೆದು ನಿಲ್ಲಿಸುತ್ತದೆ. ಮೂರು ಪಾತ್ರಗಳಿದ್ದು ಎಲ್ಲವೂ ಮೂಲ ಸೆಟ್ಟಿಂಗ್ ಆದ 50%ರಲ್ಲೇ ಇದ್ದರೆ, ನೀವು ಯಾರ ಹೆಸರೂ ಹಿಡಿಯದೆ ಒಂದು ಮಾತು ಬರೆದಾಗ ಇಬ್ಬರು ಅಥವಾ ಮೂವರು ಉತ್ತರಿಸುವ ಸಾಧ್ಯತೆ ಅರ್ಧಕ್ಕರ್ಧ. ಕೇಳಲು ಚೆನ್ನಾಗಿದೆ. ಆದರೆ ಅವರು ಒಬ್ಬರಾದ ಮೇಲೆ ಒಬ್ಬರು ಪೂರ್ತಿ ಮಾತಾಡುತ್ತಾರೆ, ಒಬ್ಬರ ಮಾತಿನ ಒಳಗೆ ಇನ್ನೊಬ್ಬರು ನುಗ್ಗುವುದಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕು ಇದೆ. ಹೆಸರನ್ನು ಅದು ಇಡೀ ಪದವಾಗಿ ಮಾತ್ರ ಗುರುತಿಸುತ್ತದೆ. ನಾವು ‘ಮಂಜಣ್ಣನ್ನ ಕೇಳಿ’, ‘ಮಂಜಣ್ಣಂಗೆ ಗೊತ್ತು’, ‘ಸುಶೀಲಕ್ಕನತ್ರ ಮಾತಾಡಿ’ ಅನ್ನುವವರು. ವಿಭಕ್ತಿ ಅಂಟಿದ ಕೂಡಲೇ ಹೆಸರು ಬೇರೆ ಪದವಾಗಿಬಿಡುತ್ತದೆ. ಹಾಗಾಗಿ ‘ನ್ಯಾಚುರಲ್’ ಬಿಟ್ಟು ‘ಮ್ಯಾನ್ಯುಯಲ್’ ಇಟ್ಟುಕೊಳ್ಳಿ, ಮಾತಾಡಬೇಕಾದವರ ಹೆಸರಿನ ಪಕ್ಕದ ಗುಂಡಿ ಒತ್ತಿ ಎಬ್ಬಿಸಿ. ಪಾತ್ರಗಳು ತಾವಾಗಿಯೇ ಮಾತಾಡುತ್ತಾ ಹೋಗುವ ‘ಆಟೊ ಮೋಡ್’ ಇದೆ, ಒಂದು ಸುತ್ತಿಗೂ ಇನ್ನೊಂದಕ್ಕೂ 5 ಸೆಕೆಂಡು ಬಿಡುವು. ಹರಟೆಯ ವಾತಾವರಣ ನೋಡಲು ಚೆನ್ನ, ದೃಶ್ಯ ಬರೆಯಲು ಬೇಡ.

ಮುಖ್ಯ ವಿಷಯಕ್ಕೆ ಬರೋಣ. ‘ಪಾತ್ರಗಳು ಒಬ್ಬರ ಮಾತನ್ನೊಬ್ಬರು ಕಡಿಯಬೇಕು’ ಎಂದು ಮಾದರಿಗೆ ಹೇಳಿದರೆ ಅದು ಬರೆದುಕೊಡುವುದು ಇಂಥದ್ದನ್ನು. (ಶೆಟ್ರು ಕಾಫಿ ಕೊಳ್ಳುವ ವ್ಯಾಪಾರಿ, ಸುಶೀಲಕ್ಕ ತೋಟದ ಒಡತಿ, ಮಂಜಣ್ಣ ಅವರ ರೈಟರ್. ಓಟಿ ಅಂದರೆ ಔಟ್‌ಟರ್ನ್, 50 ಕೆಜಿ ಒಣ ಚೆರಿಯಿಂದ ಎಷ್ಟು ಕೆಜಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಇಪ್ಪತ್ತಾರು ಅಂದರೆ 26 ಕೆಜಿ.)

ಶೆಟ್ರು: ಓಟಿ ಇಪ್ಪತ್ತಾರು ಬಂದರೆ ಮಾತ್ರ ನಾನು ಈ ದರವನ್ನು ಕೊಡುತ್ತೇನೆ—
ಸುಶೀಲಕ್ಕ: ನಿಲ್ಲಿಸಿ ಶೆಟ್ಟರೇ! ನಮ್ಮ ಕಾಫಿ ಹಸಿ ಇಲ್ಲ.

ಇದರಲ್ಲಿ ಎರಡು ತಪ್ಪು. ಮೊದಲನೆಯದು, ಶೆಟ್ಟರ ವಾಕ್ಯ ಮುಗಿದೇ ಹೋಗಿದೆ, ಕೊನೆಗೆ ಗೆರೆಯೊಂದನ್ನು ಅಂಟಿಸಿದೆ ಅಷ್ಟೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕೊಡುತ್ತೇನೆ’ ಆದ ಮೇಲೆ ಕಡಿಯಲು ಏನೂ ಉಳಿದಿರುವುದಿಲ್ಲ. ಮಾತು ಕಡಿಯಬೇಕಾದ್ದು ಕ್ರಿಯಾಪದಕ್ಕೆ ಮುಂಚೆ, ಕೇಳುವವರಿಗೆ ಮುಂದೇನು ಎಂಬ ಅಂದಾಜು ಸಿಕ್ಕ ಜಾಗದಲ್ಲಿ. ಎರಡನೆಯದು ಇನ್ನೂ ಸೂಕ್ಷ್ಮ. ಹಸಿ ಎಂಬ ಮಾತನ್ನು ಶೆಟ್ರು ಇನ್ನೂ ಎತ್ತಿಯೇ ಇಲ್ಲ. ಅವರು ಮುಂದೆ ಹೇಳಲಿದ್ದುದು ಮಾದರಿಗೆ ಗೊತ್ತಿದೆ, ಅದು ಸುಶೀಲಕ್ಕನ ಬಾಯಿಗೆ ಸೋರಿದೆ.

ಸರಿಯಾದದ್ದು ಹೀಗಿರುತ್ತದೆ:

ಶೆಟ್ರು: ಅಕ್ಕ, ಓಟಿ ಇಪ್ಪತ್ತಾರು ಬಂದ್ರೆ ಮಾತ್ರ ನಾನು ಈ ರೇಟು—
ಸುಶೀಲಕ್ಕ: ಬರ್ದೆ ಎಲ್ಲೋಯ್ತದೆ? ಹದಿನೈದ್ ದಿನ ಕಣದಲ್ಲಿ ಒಣಗ್ಸಿದೀವಿ.
ಶೆಟ್ರು: ಒಣಗ್ಸಿದೀರ, ಇಲ್ಲ ಅನ್ನಲ್ಲ. ಸ್ವಲ್ಪ ಹಸಿ ಇದ್ರೂ—
ಮಂಜಣ್ಣ: ಶೆಟ್ರೆ, ಬೆಳಿಗ್ಗೆ ಮೀಟ್ರಲ್ಲಿ ನೋಡಿದೀನಿ, ಅದೊಂದು ಮಾತು ಬಿಡಿ.

ಸುಶೀಲಕ್ಕ ಹಿಡಿದದ್ದು ತನ್ನ ಕಿವಿಗೆ ಬಿದ್ದ ‘ಬಂದ್ರೆ’ಯನ್ನು ಮಾತ್ರ. ಶೆಟ್ರು ಬಿಟ್ಟ ಎಳೆಯನ್ನು ಎರಡನೇ ಸಲ ಹಿಡಿದುಕೊಂಡಿದ್ದಾರೆ. ಸಂಭಾಷಣೆಗೆ ಜೀವ ಬರುವುದು ಇಲ್ಲಿ.

ಸಿಲ್ಲಿಟ್ಯಾವರ್ನ್‌ನಲ್ಲಿ ಇದನ್ನು ಪಡೆಯುವ ದಾರಿ: ಕಡಿದ ಮಾತನ್ನು ಬರೆ ಎಂದು ಕೇಳಲೇಬೇಡಿ. ಶೆಟ್ಟರಿಂದ ಪೂರ್ತಿ ಮಾತು ಬರೆಸಿ: ‘ಓಟಿ ಇಪ್ಪತ್ತಾರು ಬಂದ್ರೆ ಮಾತ್ರ ನಾನು ಈ ರೇಟು ಕೊಡೋಕಾಗೋದು, ಸ್ವಲ್ಪ ಹಸಿ ಇದ್ರೂ ಪಾಯಿಂಟಿಗೆ ಕಮ್ಮಿ ಆಯ್ತದೆ.’ ಸಂದೇಶದ ಮೇಲಿನ ಪೆನ್ಸಿಲ್ ಒತ್ತಿ, ‘ಕೊಡೋಕಾಗೋದು’ ಎಂಬಲ್ಲಿಂದ ಮುಂದಿನದನ್ನು ಕತ್ತರಿಸಿ ಗೆರೆ ಹಾಕಿ. ಕತ್ತರಿಸಿದ ತುಂಡನ್ನು ಎಸೆಯಬೇಡಿ. ಶೆಟ್ಟರ ಪಾತ್ರದ ಅಡ್ವಾನ್ಸ್‌ಡ್ ಡೆಫಿನಿಷನ್ಸ್ ತೆರೆದು ‘ಕ್ಯಾರೆಕ್ಟರ್ಸ್ ನೋಟ್’ನಲ್ಲಿ ‘ನೀನು ಹೇಳಲು ಹೊರಟು ಹೇಳದೆ ಉಳಿದದ್ದು ಇದು, ಸಂದು ಸಿಕ್ಕರೆ ಮತ್ತೆ ಎತ್ತು’ ಎಂದು ಬರೆದು ಅಂಟಿಸಿ. ಈಗ ಸುಶೀಲಕ್ಕನನ್ನು ಎಬ್ಬಿಸಿ. ಆಕೆಗೆ ಕಾಣುವುದು ಕತ್ತರಿಸಿದ ಮಾತು ಮಾತ್ರ. ಮುಂದಿನ ಸರದಿಯಲ್ಲಿ ಶೆಟ್ಟರಿಗೆ ತಮ್ಮ ಉಳಿದ ಮಾತು ನೆನಪಿರುತ್ತದೆ. ಅದನ್ನು ಆಡಿದ ಮೇಲೆ ನೋಟ್ ಖಾಲಿ ಮಾಡಿ, ಇಲ್ಲದಿದ್ದರೆ ಹತ್ತು ಸರದಿ ಆದರೂ ಹಸಿ ಹಸಿ ಅಂತಲೇ ಇರುತ್ತಾರೆ.

ಇದು ನಡೆಯಬೇಕಾದರೆ ಗುಂಪಿನ ಸೆಟ್ಟಿಂಗ್‌ನಲ್ಲಿ ‘ಸ್ವಾಪ್ ಕ್ಯಾರೆಕ್ಟರ್ ಕಾರ್ಡ್ಸ್’ ಇರಲೇಬೇಕು. ಹಾಗಿದ್ದರೆ ಮಾತಾಡುವವರ ಕಾರ್ಡು, ಅಂದರೆ ಆ ಪಾತ್ರದ ವಿವರ, ಅಷ್ಟೇ ಮಾದರಿಗೆ ಹೋಗುತ್ತದೆ. ‘ಜಾಯಿನ್’ ಇಟ್ಟರೆ ಎಲ್ಲರದೂ ಒಟ್ಟಿಗೆ ಹೋಗಿ ಗುಟ್ಟು ಮತ್ತೆ ಸೋರುತ್ತದೆ. ಜಾಯಿನ್‌ಗೆ ಬೇರೆ ಅನುಕೂಲ ಇದೆ: ಪ್ರತಿ ಸರದಿಗೂ ಪ್ರಾಂಪ್ಟ್‌ನ (ಮಾದರಿಗೆ ಕಳಿಸುವ ಪಠ್ಯದ) ಆರಂಭ ಬದಲಾಗದ್ದರಿಂದ ಮನೆಯ ಕಂಪ್ಯೂಟರಿನಲ್ಲಿ ಉತ್ತರ ಬೇಗ ಬರುತ್ತದೆ. ಈ ಕೆಲಸಕ್ಕೆ ಮಾತ್ರ ವೇಗ ಬಿಟ್ಟುಕೊಡುವುದೇ ಸರಿ.

ಅಡ್ಡದಾರಿಗಳೂ ಇವೆ. ಸ್ಟ್ರೀಮಿಂಗ್ (ಉತ್ತರ ಹುಟ್ಟುತ್ತಿದ್ದಂತೆಯೇ ತೆರೆಗೆ ಬರುವುದು) ಆನ್ ಮಾಡಿ ಬರೆಯುತ್ತಿರುವಾಗಲೇ ನಿಲ್ಲಿಸುವ ಗುಂಡಿ ಒತ್ತಿದರೆ ಅಷ್ಟು ಮಾತು ಉಳಿಯುತ್ತದೆ. ಬೇಗ ಆಗುವ ಕೆಲಸ, ಆದರೆ ಉಳಿದ ಮಾತು ಹುಟ್ಟಿಯೇ ಇರುವುದಿಲ್ಲ. ಉತ್ತರದ ಟೋಕನ್ (ಮಾದರಿ ಬರೆಯುವ ಪಠ್ಯದ ಸಣ್ಣ ತುಂಡು) ಮಿತಿ ಕಡಿಮೆ ಮಾಡಿ ವಾಕ್ಯ ತಾನೇ ತುಂಡಾಗುವಂತೆ ಮಾಡುವ ಉಪಾಯ ಇಂಗ್ಲಿಷಿನಲ್ಲಿ ನಡೆದೀತು, ಕನ್ನಡದಲ್ಲಿ ಬೇಡವೇ ಬೇಡ. ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಚಿಹ್ನೆ. ಟೋಕನ್ ಎಲ್ಲಿ ಬೇಕಾದರೂ ಮುಗಿಯಬಹುದಾದ್ದರಿಂದ ‘ಕೊಡ್ತೀನಿ’ ಎಂಬುದು ‘ಕೊಡ್’ ಎಂದೋ ಕೊನೆಯಲ್ಲಿ ಪ್ರಶ್ನೆ ಗುರುತಿನ ಚೌಕವಾಗಿಯೋ ಉಳಿಯುತ್ತದೆ. ಬಾಯಲ್ಲಿ ಯಾರೂ ಹಾಗೆ ಮಾತು ನಿಲ್ಲಿಸುವುದಿಲ್ಲ.

ತಪ್ಪದೆ ಆಫ್ ಮಾಡಬೇಕಾದವು ಎರಡು. ‘ಟ್ರಿಮ್ ಇನ್‌ಕಂಪ್ಲೀಟ್ ಸೆಂಟೆನ್ಸಸ್’ ಆನ್ ಇದ್ದರೆ ಪೂರ್ಣವಾಗದ ವಾಕ್ಯವನ್ನು ಹಿಂದಿನ ಚುಕ್ಕಿಯವರೆಗೆ ಒರೆಸಿಹಾಕುತ್ತದೆ. ‘ಆಟೊ ಕಂಟಿನ್ಯೂ’ ಆನ್ ಇದ್ದರೆ ಚಿಕ್ಕ ಉತ್ತರವನ್ನು ಸಾಲದೆಂದು ಎಳೆಯುತ್ತದೆ.

ಒಂದು ಪಾತ್ರ ಇನ್ನೊಂದರ ಮಾತನ್ನೂ ತಾನೇ ಬರೆದುಬಿಡುವುದು ಗುಂಪು ಚಾಟಿನ ಹಳೇ ರೋಗ. ಹೊಸ ಸಾಲಿನಲ್ಲಿ ಹೆಸರು, ಅದರ ಮುಂದೆ ಕೋಲನ್ ಕಂಡರೆ ನಿಲ್ಲಿಸುವ ವ್ಯವಸ್ಥೆ ಇದೆ. ಮಾದರಿ ಕೋಲನ್ ಬದಲು ಅಡ್ಡಗೆರೆ ಹಾಕಿದರೆ ನಿಲ್ಲುವುದಿಲ್ಲ, ಅದನ್ನು ‘ಕಸ್ಟಮ್ ಸ್ಟಾಪಿಂಗ್ ಸ್ಟ್ರಿಂಗ್ಸ್’ನಲ್ಲಿ ನೀವೇ ಸೇರಿಸಬೇಕು. ಅಲ್ಲಿ ನೇರ ಉದ್ಧರಣ ಚಿಹ್ನೆಯೇ ಬೇಕು, ಫೋನ್ ಕೀಬೋರ್ಡ್ ಹಾಕಿಕೊಡುವ ಬಾಗಿದ ಚಿಹ್ನೆ ಇದ್ದರೆ ಪಟ್ಟಿಯನ್ನೇ ಓದುವುದಿಲ್ಲ. ‘ರಾಜ್‌ಗೌಡ’ದಂಥ ಹೆಸರಿನ ಒಳಗೆ ಅಕ್ಷರಗಳು ಕೂಡಿ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಇರುತ್ತದೆ. ಕಾರ್ಡಿನಲ್ಲಿ ಅದು ಇದ್ದು ಮಾದರಿ ಅದಿಲ್ಲದೆ ಬರೆದರೆ ಎರಡೂ ಬೇರೆ ಹೆಸರು. ಒತ್ತಕ್ಷರ ಒಡೆಯದ ಸರಳ ಹೆಸರು ಇಟ್ಟರೆ ಗಂಟೆಗಟ್ಟಲೆ ತಪ್ಪು ಹುಡುಕುವುದು ತಪ್ಪುತ್ತದೆ.

ಎಷ್ಟು ಸಲ ಕಡಿಯಬೇಕು? ನಾಲ್ಕು ಮಾತಿಗೆ ಒಂದು ಸಾಕು. ಹಿಂದಿನ ಸಾಲುಗಳಲ್ಲಿ ಗೆರೆ ಹೆಚ್ಚಾದರೆ ಮಾದರಿ ಅದನ್ನೇ ಕಲಿತು ಎಲ್ಲ ಮಾತಿನ ಕೊನೆಗೂ ಗೆರೆ ಎಳೆಯುತ್ತದೆ. ಆಗ ಸೂಚನೆ ಬದಲಿಸಿ ಪ್ರಯೋಜನವಿಲ್ಲ, ಹಳೆಯ ಸಾಲುಗಳನ್ನೇ ತಿದ್ದಬೇಕು. ‘ಆಥರ್ಸ್ ನೋಟ್’ನಲ್ಲಿ ರ್‍ಯಾಂಡಮ್ ಮ್ಯಾಕ್ರೊ (ಕೊಟ್ಟವುಗಳಲ್ಲಿ ಒಂದನ್ನು ತಾನೇ ಆರಿಸುವ ಸಂಕೇತ) ಬಳಸಿ ನಾಲ್ಕು ಸೂಚನೆ ಕೊಡಿ: ಮೂರರಲ್ಲಿ ‘ಮಾತು ಮುಗಿದ ಮೇಲೆ ಉತ್ತರಿಸು’, ಒಂದರಲ್ಲಿ ‘ಮಧ್ಯೆ ಬಾಯಿ ಹಾಕು, ಒಂದೇ ಸಾಲು’. ಪ್ರತಿ ಸರದಿಗೂ ಹೊಸದಾಗಿ ಚೀಟಿ ಎತ್ತುತ್ತದೆ. ಆ ನೋಟ್‌ನ ಡೆಪ್ತ್ (ಕೊನೆಯಿಂದ ಎಷ್ಟು ಸಂದೇಶ ಹಿಂದೆ ಕೂರಬೇಕು ಎಂಬುದು) 4ರಿಂದ 1ಕ್ಕೆ ಇಳಿಸಿ, ಕೊನೆಯ ಮಾತಿಗೆ ಹತ್ತಿರವಿದ್ದಷ್ಟೂ ಸೂಚನೆ ಹಿಡಿಯುತ್ತದೆ. ಗೆರೆ ಬಿದ್ದ ಮಾತಿನ ನಂತರದ ಸರದಿಗೆ ಎರಡನೇ ಬಗೆಯ ಸೂಚನೆ ಬಿದ್ದಿಲ್ಲದಿದ್ದರೆ ಮತ್ತೊಮ್ಮೆ ಬರೆಸಿ ನೋಡಿ.

ಯಾರು ಯಾರ ಮಾತು ಕಡಿಯಬಹುದು ಎಂಬುದನ್ನು ಕಾರ್ಡಿನಲ್ಲಿ ಬರೆಯದಿದ್ದರೆ ಮಾದರಿಗೆ ಎಲ್ಲರೂ ಒಂದೇ. ರೈಟರ್ ಮಂಜಣ್ಣ ತೋಟದ ಒಡತಿಯ ಮಾತು ಕಡಿಯುವುದಿಲ್ಲ. ಹೂಂಗುಟ್ಟುತ್ತಾ ಸಂದು ಕಾದು ‘ಅಲ್ಲ ಅಕ್ಕೋರೆ’ ಅನ್ನುತ್ತಾರೆ. ಶೆಟ್ಟರ ಮಾತಿಗೆ ಮಾತ್ರ ನೇರ ನುಗ್ಗಬಲ್ಲರು. ಸುಶೀಲಕ್ಕ ಇಬ್ಬರನ್ನೂ ಕಡಿಯಬಲ್ಲರು. ಈ ನಾಲ್ಕು ವಾಕ್ಯ ಕಾರ್ಡಿಗೆ ಸೇರಿಸಿದರೆ ದೃಶ್ಯದ ಬಣ್ಣವೇ ಬದಲಾಗುತ್ತದೆ. ಜೊತೆಗೆ ಉದಾಹರಣೆಯ ಸಂವಾದವಾಗಿ ಆರೇಳು ಸಾಲು ಆಡುಮಾತಿನಲ್ಲೇ ಕೊಡಿ. ‘ಆಡುಭಾಷೆಯಲ್ಲಿ ಬರೆ’ ಎಂಬ ಅಪ್ಪಣೆಗಿಂತ ಆ ಸಾಲುಗಳೇ ಹೆಚ್ಚು ಕೆಲಸ ಮಾಡುತ್ತವೆ. ‘ಹೋಗುತ್ತೇನೆ’ ಅನ್ನುವ ಪಾತ್ರ ಎಷ್ಟು ಚೆನ್ನಾಗಿ ಮಧ್ಯೆ ನುಗ್ಗಿದರೂ ಓದುವ ಕಿವಿಗೆ ನಾಟುವುದಿಲ್ಲ.

ಹೂಂಗುಟ್ಟುವಿಕೆಯನ್ನು ಬೇರೆ ಸಂದೇಶವಾಗಿ ಹಾಕಬಾರದು. ‘ಹೂಂ’, ‘ಹೌದಾ’, ‘ಅಯ್ಯೋ’ ಅನ್ನುವವರು ಮಾತಿನ ಸರದಿ ಕೇಳುತ್ತಿಲ್ಲ. ಬೇರೆ ಸಂದೇಶವಾದರೆ ಮಾದರಿ ಅದಕ್ಕೂ ಉತ್ತರ ಕೊಡಲು ಹೊರಡುತ್ತದೆ. ಮಾತಾಡುತ್ತಿರುವವರ ಸಾಲಿನ ಒಳಗೇ ಆವರಣದಲ್ಲಿ ಸೇರಿಸಿ.

ಕನ್ನಡಕ್ಕೇ ಸಿಗುವ ಒಂದು ಸೊಗಸು ಇದೆ. ನಮ್ಮಲ್ಲಿ ‘ಇಲ್ಲ’, ‘ಅಲ್ಲ’, ‘ಆಗಲ್ಲ’ ಎಲ್ಲ ಕೊನೆಗೆ. ‘ಈ ವಾರ ಲಾರಿ ಕಳ್ಸೋಕೆ—’ ಎಂಬಲ್ಲಿ ಕಡಿದರೆ ಮುಂದಿರುವುದು ಆಗ್ತದೆಯೋ ಆಗಲ್ಲವೋ ಯಾರಿಗೂ ಗೊತ್ತಿಲ್ಲ. ‘ಆಗಲ್ಲ ಅಂದ್ರೆ ಮೊದ್ಲೇ ಹೇಳ್ಬೇಕಿತ್ತು!’ ಅಂತ ಸುಶೀಲಕ್ಕ ರೇಗಬಹುದು, ‘ಆಯ್ತದೆ ಅಂತಿದೀನಿ ಕಣಕ್ಕ’ ಅಂತ ಶೆಟ್ರು ನಗಬಹುದು. ಉಳಿದ ಮಾತು ಶೆಟ್ಟರ ನೋಟ್‌ನಲ್ಲಿ ಮಾತ್ರ ಇರುವಾಗ ಈ ತಪ್ಪುತಿಳಿವಳಿಕೆ ತಾನಾಗಿ ಹುಟ್ಟುತ್ತದೆ, ಬರೆಸಬೇಕಾಗಿಲ್ಲ.

ಇನ್ನು ಧ್ವನಿ. ಇಲ್ಲಿ ಸಿಲ್ಲಿಟ್ಯಾವರ್ನ್ ಸೋಲುತ್ತದೆ. ಅದರ ಧ್ವನಿ ವಿಸ್ತರಣೆ ಸಂದೇಶಗಳನ್ನು ಸಾಲಾಗಿ ನುಡಿಸುತ್ತದೆ, ಎರಡು ಧ್ವನಿ ಒಂದರ ಮೇಲೊಂದು ಬೀಳುವುದಿಲ್ಲ. ಪ್ರತಿ ಪಾತ್ರದ ಧ್ವನಿಯನ್ನು ಬೇರೆ ಫೈಲ್ ಮಾಡಿಕೊಂಡು ಧ್ವನಿ ಸಂಕಲನದ ಆಡಾಸಿಟಿ ತಂತ್ರಾಂಶದಲ್ಲಿ ಬೇರೆ ಬೇರೆ ಟ್ರ್ಯಾಕ್‌ಗೆ ಹಾಕಬೇಕು. ಐಐಟಿ ಮದ್ರಾಸಿನ ಎಐ4ಭಾರತ್ ತಂಡದ ಇಂಡಿಕ್ ಪಾರ್ಲರ್ ಟಿಟಿಎಸ್ (ಬರಹವನ್ನು ಧ್ವನಿಯಾಗಿಸುವ ಮಾದರಿ) ಕನ್ನಡ ಓದುತ್ತದೆ. ಕಡಿದ ಸಾಲನ್ನು ಅದಕ್ಕೆ ಕೊಡಬೇಡಿ. ‘ಈ ರೇಟು’ ಎಂಬಲ್ಲಿ ವಾಕ್ಯ ಮುಗಿಯಿತೆಂದು ಸ್ವರ ಇಳಿಸಿಬಿಡುವ ಸಾಧ್ಯತೆ ಹೆಚ್ಚು. ಪೂರ್ತಿ ವಾಕ್ಯ ಓದಿಸಿ, ಆಮೇಲೆ ಧ್ವನಿಯನ್ನು ಕತ್ತರಿಸಿ. ಬರಹಕ್ಕೆ ಹೇಳಿದ ಉಪಾಯವೇ ಇಲ್ಲಿಗೂ.

ಎಷ್ಟು ಹತ್ತಿರ ಇಡಬೇಕು ಎನ್ನುವುದಕ್ಕೆ ಒಂದು ಅಳತೆ ಇದೆ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಅಧ್ಯಯನದಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡು. ಕನ್ನಡ ಅದರಲ್ಲಿರಲಿಲ್ಲ. ನಮ್ಮಂತೆ ಕ್ರಿಯಾಪದ ಕೊನೆಗೆ ಬರುವ ಜಪಾನಿಯಲ್ಲಿ ಬಿಡುವು ಎಲ್ಲಕ್ಕಿಂತ ಕಡಿಮೆ, ಸರಾಸರಿ ಸೊನ್ನೆಯ ಹತ್ತಿರ. ಹಾಗಾಗಿ ಸಾಮಾನ್ಯ ಉತ್ತರಕ್ಕೆ 100ರಿಂದ 200 ಮಿಲಿಸೆಕೆಂಡು ಬಿಡಿ. ಮಧ್ಯೆ ನುಗ್ಗುವಲ್ಲಿ ಸುಶೀಲಕ್ಕನ ‘ಬರ್ದೆ’ ಶೆಟ್ಟರ ‘ರೇಟು’ ಶುರುವಾಗುವ ಜಾಗಕ್ಕೇ ಬೀಳಲಿ. ಶೆಟ್ಟರ ಧ್ವನಿ ಇನ್ನೂ 200 ಮಿಲಿಸೆಕೆಂಡು ಓಡಿ, ಕೊನೆಯ 50ರಲ್ಲಿ ಇಳಿದು ನಿಲ್ಲಲಿ. ಸುಶೀಲಕ್ಕನ ಮೊದಲ ಪದವನ್ನು 2 ಡೆಸಿಬಲ್ ಏರಿಸಿದರೆ ಕಣದಲ್ಲಿ ನಿಂತು ಕೇಳಿದ ಹಾಗೇ ಇರುತ್ತದೆ.